ಶನಿವಾರದ ಬಿಲ್ಲೆ

ಫೆಬ್ರವರಿ ೧೧

ಪಂಡಿತರೇ,

ಇಪ್ಪತ್ತಾರು ವರ್ಷಗಳ ಹಿಂದೆ, ಮೇ ತಿಂಗಳ ಎರಡನೆಯ ಭಾನುವಾರ, ರೇಸಿನ ನಡುವೆ ನಿಮ್ಮ ಕಾರಿಗೆ ಬೆಂಕಿ ಬಿತ್ತು. ಓಡಿಸುತ್ತಿದ್ದ ಗುಬ್ಬಿಯ ಎರಡೂ ಕೈ ಸುಟ್ಟವು. ಮುಂದಿನ ತಿಂಗಳು ನೀವೆಲ್ಲ ಮೇಜಿನ ಸುತ್ತ ಕುಳಿತು ಅದರ ಹೊಣೆಯನ್ನು ನನ್ನ ತಮ್ಮನ ತಲೆಗೆ ಕಟ್ಟಿದಿರಿ. ಅದು ಮೊದಲನೆಯ ಅನ್ಯಾಯ. ಎರಡನೆಯದನ್ನು ನಿನ್ನೆ ಕಣ್ಣಾರೆ ಕಂಡು ಬಂದೆ.

ನೀವು ಎಂಜಿನ್ ರೂಪಿಸುತ್ತಿದ್ದ ಹಳೆಯ ಕಾರ್ಯಾಗಾರವನ್ನು ಕಂಪನಿ ಈಗ ಪ್ರದರ್ಶನಾಲಯ ಮಾಡಿದೆ. ಉದ್ಘಾಟನೆ ಮೇ ತಿಂಗಳಲ್ಲಂತೆ, ಮುಖ್ಯ ಭಾಷಣ ನಿಮ್ಮದಂತೆ. ಅಲ್ಲಿಯವರೆಗೆ ಶಾಲೆಮಕ್ಕಳನ್ನೂ ನನ್ನಂಥ ನಿವೃತ್ತರನ್ನೂ ಒಳಗೆ ಬಿಡುತ್ತಿದ್ದಾರೆ. ಎಣ್ಣೆ ಕುಡಿದು ಕಪ್ಪಾಗಿದ್ದ ನೆಲಕ್ಕೆ ಬೂದು ಬಣ್ಣ ಬಳಿದಿದ್ದಾರೆ. ನಡುವೆ ಗಾಜಿನ ಪೆಟ್ಟಿಗೆ, ಅದರೊಳಗೆ ಆ ಎಂಜಿನ್. ಎರಡು ತೋಳಲ್ಲಿ ತಬ್ಬಿಕೊಳ್ಳಬಹುದಾದಷ್ಟು ಚಿಕ್ಕದು. ಪಕ್ಕದಲ್ಲಿ ಬಸವನಹುಳುವಿನ ಚಿಪ್ಪಿನಂಥ ಟರ್ಬೊ.

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾಗ ನೀವೇ ಊಟದ ಮೇಜಿನ ಮೇಲೆ ಚಮಚ, ಲೋಟ ಇಟ್ಟು ಇದನ್ನು ನನಗೆ ವಿವರಿಸಿದ್ದಿರಿ. "ಎಂಜಿನ್ ಹೊರಗೆ ಬಿಡೋ ಹೊಗೆಯನ್ನ ಸುಮ್ನೆ ಹೋಗೋಕೆ ಬಿಡಲ್ಲ ಅಕ್ಕಾ. ಅದರ ರಭಸದಲ್ಲೇ ಒಂದು ಚಕ್ರ ತಿರುಗಿಸ್ತೀವಿ. ಆ ಚಕ್ರ ಹೊಸ ಗಾಳೀನ ಒತ್ತಿ ಒತ್ತಿ ಒಳಗೆ ತುಂಬುತ್ತೆ. ಗಾಳಿ ಜಾಸ್ತಿ ಆದಷ್ಟೂ ಬಲ ಜಾಸ್ತಿ." ನಾನು ಅಂದಿದ್ದೆ, "ಸಿಟ್ಟು ಬಂದವರೂ ಅದನ್ನೇ ಅಲ್ವೇನೋ ಮಾಡೋದು?" ಎಂದು. ತಮ್ಮ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡಿದ್ದ.

ಈಗ ಫಲಕಕ್ಕೆ ಬರುತ್ತೇನೆ. "ಜೋಡಣೆಗಾರನೊಬ್ಬನ ಅಜಾಗರೂಕತೆಯಿಂದ ಟರ್ಬೊದ ಎಣ್ಣೆಕೊಳವೆ ಸಡಿಲಗೊಂಡು, ಗೆಲುವಿನ ಹೊಸ್ತಿಲಲ್ಲಿದ್ದ ಈ ಅಪ್ರತಿಮ ಎಂಜಿನ್ ಬೆಂಕಿಗೆ ಆಹುತಿಯಾಯಿತು." ಹೆಸರು ಹಾಕಿಲ್ಲ, ಪುಣ್ಯಾತ್ಮರು. ಆದರೆ ಮೇಲೆ ತೂಗುಹಾಕಿದ ಗುಂಪುಚಿತ್ರದಲ್ಲಿ ಪ್ರತಿಯೊಬ್ಬನ ಕೆಳಗೂ ಅವನ ಕೆಲಸ ಬರೆದಿದೆ. "ಟರ್ಬೊ ಜೋಡಣೆ" ಎಂದಿರುವುದು ಒಬ್ಬನ ಕೆಳಗೆ ಮಾತ್ರ. ನನ್ನ ಮುಂದೆ ನಿಂತಿದ್ದ ಎರಡು ಜಡೆಯ ಹುಡುಗಿಯೊಬ್ಬಳು ಗೆಳತಿಯ ಮೊಣಕೈ ತಿವಿದು, "ಇವ್ನೇ ನೋಡೇ, ನಟ್ಟು ಬಿಗಿಯೋದು ಮರ್ತೋನು! ಮುಖ ನೋಡು, ಹಾಗೇ ಇದಾನೆ" ಅಂದಳು. ಇಬ್ಬರೂ ಕಿಸಕ್ಕೆಂದರು. ಮಕ್ಕಳ ತಪ್ಪಲ್ಲ. ಬರೆದಿದ್ದನ್ನು ಓದಿದವು.

ಒಂದು ಮಾತು ಕೇಳಬೇಕು. ನಿಮ್ಮಲ್ಲಿ ಜೋಡಣೆಗಾರರಿಗೆ ಒಂದು ಪದ್ಧತಿಯಿತ್ತು. ನಟ್ಟು ಬಿಗಿದಾದ ಮೇಲೆ ಅದರ ಮೇಲಿಂದ ಪಕ್ಕದ ಲೋಹದವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆಯುವುದು. ನಟ್ಟು ಚೂರು ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ಒಬ್ಬೊಬ್ಬನಿಗೆ ಒಂದೊಂದು ಬಣ್ಣ. ತಮ್ಮನದು ಹಸಿರು, ನಮ್ಮ ಅಡುಗೆಮನೆ ಕಿಟಕಿಗೆ ಬಳಿದು ಉಳಿದ ಬಣ್ಣ ಅದು, ನಾನೇ ಡಬ್ಬಿಗೆ ತುಂಬಿ ಕೊಟ್ಟಿದ್ದೆ. ಗಾಜಿನೊಳಗಿನ ಎಂಜಿನ್‌ನಲ್ಲಿ ಎಣ್ಣೆಕೊಳವೆಯ ನಟ್ಟಿನ ಮೇಲೆ ಹಸಿರು ಗೆರೆ ಇದೆ. ತುಂಡಾಗಿಲ್ಲ. ಕೂದಲೆಳೆಯಷ್ಟೂ ಅತ್ತಿತ್ತ ಆಗಿಲ್ಲ.

ಸಡಿಲವಾದ ನಟ್ಟಿನ ಮೇಲೆ ತುಂಡಾಗದ ಗೆರೆ ಹೇಗೆ ಉಳಿಯಿತು, ಪಂಡಿತರೇ?

ಉತ್ತರಕ್ಕೆ ಕಾಯುತ್ತಿರುವ,
ನಿಮ್ಮ ಹಳೆಯ ಮನೆಯ ಅಕ್ಕ


ಫೆಬ್ರವರಿ ೨೪

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ಎಷ್ಟು ವರ್ಷಗಳ ಮೇಲೆ ನಿಮ್ಮ ಅಕ್ಷರ ನೋಡಿದೆ! ಲಕೋಟೆ ಕಂಡಾಗಲೇ ಗುರುತು ಸಿಕ್ಕಿತು. ಒಳಗೆ "ಪಂಡಿತರೇ" ಎಂದು ಬಹುವಚನದಲ್ಲಿ ಓದಿದಾಗ ಮಾತ್ರ ಲಕೋಟೆ ತಿರುಗಿಸಿ ಹೆಸರು ಇನ್ನೊಮ್ಮೆ ನೋಡಿದೆ. ನಿಮ್ಮ ಬಾಯಲ್ಲಿ ನಾನು ಯಾವಾಗಲೂ "ಏ ಪಂಡಿತಾ" ಆಗಿದ್ದವನು. ಇರಲಿ. ಹಿರಿಯರು, ಬೈಯುವ ಹಕ್ಕಿದೆ.

ಫಲಕದ ಮಾತುಗಳನ್ನು ನಾನು ಬರೆದಿಲ್ಲ. ಪ್ರಚಾರ ವಿಭಾಗದ ಹುಡುಗರು ಹಳೆಯ ವರದಿ ನೋಡಿ ಬರೆದದ್ದು. ನಾನೀಗ ಹೆಸರಿಗೆ ಮಾತ್ರ ಸಲಹೆಗಾರ. ಕರೆದಾಗ ಹೋಗಿ ಹಾರ ಹಾಕಿಸಿಕೊಂಡು ಬರುವುದೇ ಕೆಲಸ.

ಹಸಿರು ಗೆರೆಯ ವಿಷಯದಲ್ಲಿ ನೀವು ಆಸೆ ಪಡಬೇಡಿ. ಪ್ರದರ್ಶನಕ್ಕಿಟ್ಟಿರುವುದು ಪೂರ್ತಿಯಾಗಿ ಆ ಎಂಜಿನ್ ಅಲ್ಲ. ಕೆಳಗಿನ ದೇಹ ಮಾತ್ರ ಅದರದು. ಟರ್ಬೊ, ಕೊಳವೆಗಳು, ನಟ್ಟುಗಳೆಲ್ಲ ಬೇರೆಯವು. ಸುಟ್ಟ ಭಾಗಗಳನ್ನು ಆ ವಾರವೇ ಕರಗಿಸಲು ಕಳಿಸಿಬಿಟ್ಟಿದ್ದೆವು. ಗುಬ್ಬಿಯ ಚರ್ಮದ ವಾಸನೆ ಅಂಟಿದ್ದ ಆ ಲೋಹವನ್ನು ನೋಡಿಕೊಂಡು ಕೆಲಸ ಮಾಡಲು ಯಾರಿಗೂ ಆಗುತ್ತಿರಲಿಲ್ಲ. ಹಳೆಯ ಫೋಟೊ ನೋಡಿ ಪೇಂಟರ್ ಒಬ್ಬ ಗೆರೆಗಳನ್ನು ಎಳೆದಿದ್ದಾನೆ, ಅಷ್ಟೆ. ಆದ್ದರಿಂದ ಆ ಎಂಜಿನ್ ಏನನ್ನೂ ಸಾಬೀತು ಮಾಡುವುದಿಲ್ಲ. ಬೇಕಿದ್ದರೆ ಇನ್ನೊಮ್ಮೆ ಹೋಗಿ ನೋಡಿ, ಹೆಚ್ಚಿನ ಒತ್ತಡ ಹೊರಬಿಡುವ ಕವಾಟ ಅದರಲ್ಲಿ ತೆರೆದೇ ಇದೆ, ಮೇಲೆ ಬಿಲ್ಲೆ ಇಲ್ಲ, ಏನೂ ಇಲ್ಲ.

ತಮ್ಮನ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಮನುಷ್ಯನ ಕೈ, ಒಮ್ಮೆ ಮರೆಯುತ್ತದೆ. ಅವನೇ ಎಲ್ಲರೆದುರು "ಬಿಗಿದ ನೆನಪಿಲ್ಲ" ಎಂದು ಒಪ್ಪಿಕೊಂಡಿದ್ದನಲ್ಲ. ಹಳೆಯ ಗಾಯ ಕೆರೆದರೆ ಕೀವೇ ಬರುವುದು. ಅವನು ಹೊಲಿಗೆ ಮಿಷನ್ ರಿಪೇರಿ ಅಂಗಡಿ ಇಟ್ಟುಕೊಂಡು ನೆಮ್ಮದಿಯಾಗಿದ್ದಾನೆ ಎಂದು ಕೇಳಿದೆ. ಆ ನೆಮ್ಮದಿ ಹಾಗೇ ಇರಲಿ.

ಮನೆಗೆ ಬನ್ನಿ. ನೀವು ಕೊಟ್ಟ ಪುಸ್ತಕಗಳು ಇನ್ನೂ ನನ್ನ ಕಪಾಟಿನಲ್ಲಿವೆ.

ನಿಮ್ಮ,
ಪಂಡಿತ


ಮಾರ್ಚ್ ೨

ಪಂಡಿತರೇ,

ಗೆರೆಯ ಮಾತು ಒಪ್ಪಿದೆ. ನನ್ನ ಅನುಮಾನ ಅಲ್ಲಿ ತಪ್ಪು. ಪುಸ್ತಕಗಳನ್ನು ಅಂಚೆಯಲ್ಲಿ ಕಳಿಸಿಕೊಡಿ.

ನಾನು ಕೇಳಿದ್ದು ಕೊಳವೆಯ ನಟ್ಟಿನ ಬಗ್ಗೆ. ಕವಾಟದ ಬಗ್ಗೆ ಕೇಳಿರಲಿಲ್ಲ. ಬಿಲ್ಲೆಯ ಬಗ್ಗೆ ಕೇಳುವ ಮಾತೇ ಇಲ್ಲ, ಅಂಥದ್ದೊಂದು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ. ಇಲ್ಲಿ ಕುಂಬಳಕಾಯಿಯ ಸುದ್ದಿಯನ್ನೇ ಯಾರೂ ಎತ್ತಿರಲಿಲ್ಲ, ನೀವಾಗಿಯೇ ಹೆಗಲು ಒರೆಸಿಕೊಂಡಿರಿ.

ಯಾವ ಬಿಲ್ಲೆ? ಅದು ಅಲ್ಲಿ ಇಲ್ಲ ಎಂದು ನನಗೇಕೆ ಹೇಳಬೇಕೆನಿಸಿತು?

ಇನ್ನೂ ಒಂದು. ಸುಟ್ಟ ಭಾಗಗಳು "ಆ ವಾರವೇ" ಕರಗಲು ಹೋದವು ಎನ್ನುತ್ತೀರಿ. ತನಿಖೆಯ ವರದಿ ಬಂದದ್ದು ಜೂನ್ ಕೊನೆಗೆ. ಅದು ನನಗೆ ಚೆನ್ನಾಗಿ ನೆನಪಿದೆ. ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದವಳು ನಾನು, ಆ ಸುದ್ದಿ ನನ್ನ ಮೇಜಿಗೇ ಬಂದಿತ್ತು. "ಪರಿಶೀಲನೆಯಲ್ಲಿ ನಟ್ಟು ಸಡಿಲವಾಗಿದ್ದುದು ಕಂಡುಬಂದಿದೆ" ಎಂಬ ಸಾಲನ್ನು ಓದಿ, ಸ್ವಂತ ತಮ್ಮನ ಹೆಸರಿನ ಒತ್ತಕ್ಷರ ಸರಿಮಾಡಿ ಒಳಗೆ ಕಳಿಸಿದ ಕೈ ಇದು. ಮೇ ತಿಂಗಳಲ್ಲೇ ಕರಗಿಹೋದ ನಟ್ಟನ್ನು ಜೂನ್‌ನಲ್ಲಿ ಯಾರು, ಎಲ್ಲಿ ಪರಿಶೀಲಿಸಿದರು?

ಅಕ್ಕ


ಮಾರ್ಚ್ ೫

ಪ್ರೀತಿಯ ಗುಬ್ಬಿ,

ನಿನ್ನ ವಿಳಾಸ ಹುಡುಕಲು ತೀರ ಕಷ್ಟವಾಗಲಿಲ್ಲ. ಸುಟ್ಟ ಕೈಯ ಮೇಷ್ಟ್ರು ಕಾರು ಕಲಿಸುವ ಶಾಲೆ ಎಲ್ಲಿದೆ ಎಂದರೆ ನಿಮ್ಮೂರಿನ ಯಾರು ಬೇಕಾದರೂ ಹೇಳುತ್ತಾರಂತೆ. ನಾನು ನಿನ್ನ ಟರ್ಬೊ ಜೋಡಣೆಗಾರನ ಅಕ್ಕ. ರೇಸಿಗೆ ಹೊರಡುವ ಮುಂಚೆ ನೀವೆಲ್ಲ ನಮ್ಮ ಮನೆಯಲ್ಲಿ ಊಟ ಮಾಡುತ್ತಿದ್ದಿರಿ. ನೀನು ತೂಕ ಹೆಚ್ಚಬಾರದೆಂದು ಅರ್ಧ ತಟ್ಟೆ ತಿಂದು, ಉಳಿದರ್ಧವನ್ನು ಆಸೆಯಿಂದ ನೋಡುತ್ತ ಕೂರುತ್ತಿದ್ದೆ.

ನೇರವಾಗಿ ಕೇಳುತ್ತೇನೆ. ಬಿಲ್ಲೆ ಎಂದರೇನು? ಪಂಡಿತ ಅದರ ಹೆಸರೆತ್ತಿ ಸುಮ್ಮನಾಗಿದ್ದಾನೆ. ತಮ್ಮನನ್ನು ಕೇಳಲು ನನಗೆ ಬಾಯಿ ಬರುತ್ತಿಲ್ಲ. ಎಂಜಿನ್ ಅಂದರೆ ಸಾಕು, ಎದ್ದು ಹೊರಗೆ ಹೋಗುತ್ತಾನೆ.

ನಿನಗೆ ಇಷ್ಟವಿಲ್ಲದಿದ್ದರೆ ಉತ್ತರಿಸಬೇಡ. ಆದರೆ ಗೊತ್ತಿದ್ದೂ ಗೊತ್ತಿಲ್ಲ ಎಂದು ಬರೆಯಬೇಡ.

ಅಕ್ಕ


ಮಾರ್ಚ್ ೧೯

ಅಕ್ಕಾ, ನಮಸ್ಕಾರ.

ಅಕ್ಷರ ನೋಡಿ ನಗಬೇಡಿ. ಪೆನ್ನು ಹಿಡಿಯೋಕೆ ಎರಡು ಬೆರಳು ಒಪ್ಪುತ್ತವೆ, ಉಳಿದವು ಮುಷ್ಕರ ಹೂಡಿವೆ. ಹೆಂಡತಿ "ನಾನು ಬರ್ಕೊಡ್ತೀನಿ ಹೇಳಿ" ಅಂದಳು. ಬೇಡ ಅಂದೆ. ಇದನ್ನು ನಾನೇ ಬರೆಯಬೇಕು.

ಬಿಲ್ಲೆ ಅಂದರೆ ಅಂಗೈಯಗಲದ ಉಕ್ಕಿನ ತಟ್ಟೆ. ಟರ್ಬೊದಲ್ಲಿ ಒತ್ತಡ ಮಿತಿ ಮೀರಿದರೆ ಹೊರಗೆ ಬಿಡೋಕೆ ಒಂದು ಕವಾಟ ಇರುತ್ತದೆ. ಆ ಕವಾಟಕ್ಕೆ ಬಿಲ್ಲೆ ಮುಚ್ಚಿ ಬೋಲ್ಟು ಹಾಕಿಬಿಟ್ಟರೆ ಒತ್ತಡ ಎಲ್ಲೂ ಹೋಗುವಂತಿಲ್ಲ, ಎಲ್ಲ ಬಲವಾಗುತ್ತದೆ. ಶನಿವಾರ ಸ್ಪರ್ಧೆಯ ಸಾಲಿನಲ್ಲಿ ಯಾರು ಮುಂದೆ ನಿಲ್ಲಬೇಕು ಅಂತ ಒಂದೆರಡು ಸುತ್ತು ಓಡಿಸುತ್ತಾರಲ್ಲ, ಆಗ ಮಾತ್ರ ಬಿಲ್ಲೆ. ಆ ಎಂಜಿನ್ ಮತ್ತೆ ಕೆಲಸಕ್ಕೆ ಬರುವುದಿಲ್ಲ, ಒಳಗೆಲ್ಲ ಬೆಂದುಹೋಗಿರುತ್ತದೆ. ಭಾನುವಾರಕ್ಕೆ ಬೇರೆ ಎಂಜಿನ್. ಶನಿವಾರದ ಎಂಜಿನ್ ಅಂದರೆ ನಮ್ಮಲ್ಲಿ ಬೈಗುಳ. ಯಾರಾದರೂ ಬೇಗ ರೇಗಿ ಬೇಗ ತಣ್ಣಗಾದರೆ "ಬಿಡೋ, ಅವ್ನು ಶನಿವಾರದ ಎಂಜಿನ್ನು" ಅನ್ನುತ್ತಿದ್ದೆವು.

ಆ ಬಿಲ್ಲೆ ಪಂಡಿತನ ಗುಟ್ಟು. ಅದರ ಆಕಾರವನ್ನು ಎದುರು ತಂಡದವರು ನೋಡಬಾರದು ಅಂತ ಅವನೇ ಹಾಕುವುದು, ಅವನೇ ಬಿಚ್ಚುವುದು, ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುವುದು. ಅದು ಇರುವ ಮೂಲೆಗೆ ನಿಮ್ಮ ತಮ್ಮನೂ ತಲೆ ಹಾಕುವಂತಿರಲಿಲ್ಲ. ಅದರ ಬೋಲ್ಟಿನ ಮೇಲೆ ಯಾವ ಬಣ್ಣದ ಗೆರೆಯೂ ಇರುತ್ತಿರಲಿಲ್ಲ. ಎಲ್ಲ ಕೆಲಸವನ್ನೂ ಇಬ್ಬರು ನೋಡುತ್ತಿದ್ದ ಕಾರ್ಯಾಗಾರದಲ್ಲಿ ಇದೊಂದನ್ನು ಮಾತ್ರ ಇನ್ನೊಬ್ಬರು ನೋಡುವ ಹಾಗೇ ಇರಲಿಲ್ಲ.

ಆ ಭಾನುವಾರ ಬೆಳಗ್ಗೆ ಹೊಸ ಎಂಜಿನ್ ಬಿಸಿ ಮಾಡುವಾಗಲೇ ಬಿರುಕು ಬಿಟ್ಟಿತು. ಇನ್ನೊಂದು ಇರಲಿಲ್ಲ. ಶನಿವಾರದ್ದನ್ನೇ ಹಾಕಿ ಓಡೋಣ ಅಂತಾಯಿತು. ಪಂಡಿತ ನನ್ನ ಹೆಲ್ಮೆಟ್ಟಿನ ಹತ್ತಿರ ಬಾಗಿ, "ನಿಧಾನಕ್ಕೆ ಓಡಿಸೋ, ಬರೀ ಮುಗಿಸಿದ್ರೆ ಸಾಕು" ಅಂದ. ಆದರೆ ಅಕ್ಕಾ, ಮೊದಲನೇ ನೇರ ದಾರಿಯಲ್ಲೇ ಬೆನ್ನಿಗೆ ಒದೆ ಬಿತ್ತು. ಶನಿವಾರದ ಒದೆ. ಆ ಒದೆ ನನ್ನ ಬೆನ್ನಿಗೆ ಗೊತ್ತು. "ಓಹೋ, ಪಂಡಿತ ನಂಗೆ ಹೇಳ್ದೆ ಆಟ ಆಡ್ತಿದಾನೆ" ಅಂದುಕೊಂಡು ಖುಷಿಯೇ ಪಟ್ಟೆ. ಕೆಲವು ಸುತ್ತಾದ ಮೇಲೆ ಹಿಂದೆ ಏನೋ ಸಿಡಿಯಿತು, ಆಮೇಲೆ ಬೆಂಕಿ.

ಇದನ್ನು ಯಾಕೆ ಹೇಳಲಿಲ್ಲ ಅಂತ ಕೇಳುತ್ತೀರಿ. ಹೇಳಿದೆ, ಆಸ್ಪತ್ರೆಯಲ್ಲಿ, ಪಂಡಿತನಿಗೇ ಹೇಳಿದೆ. "ನಿನ್ನ ತಲೆಗೆ ಪೆಟ್ಟಾಗಿದೆ ಕಣೋ, ಶನಿವಾರದ್ದು ಭಾನುವಾರದ್ದು ಕಲಸ್ಕೊಂಡಿದೀಯ" ಅಂದ. ನನಗೂ ಹೌದೇನೋ ಅನ್ನಿಸಿತು. ಎರಡು ಕೈಗೂ ಬಟ್ಟೆ ಸುತ್ತಿದ್ದಾಗ ತಿಂಗಳುಗಟ್ಟಲೆ ದಿನವೂ ಬಂದು ಚಮಚದಲ್ಲಿ ತಿನ್ನಿಸಿದವನು ಅವನು. ಸ್ವಂತ ಅಣ್ಣ ಎರಡು ಸಲ ಬಂದುಹೋದ, ಅಷ್ಟೆ. ತಿನ್ನಿಸುವ ಕೈಯನ್ನು ಅನುಮಾನಿಸೋದು ಹೇಗೆ ಅಕ್ಕಾ?

ನಿಮ್ಮ ಪತ್ರ ಬಂದ ಮೇಲೆ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಲೇ ಕೇಳಿದಳು, "ದಿನಾ ಬರ್ತಿದ್ದದ್ದು ತಿನ್ನಿಸೋಕಾ, ಬೇರೆ ಯಾರು ನಿಮ್ಮ ಹತ್ರ ಮಾತಾಡ್ತಾರೆ ಅಂತ ನೋಡೋಕಾ?"

ಅವಳನ್ನು ಬೈದೆ. ಆಮೇಲೆ ಈ ಪತ್ರ ಬರೆಯೋಕೆ ಕೂತೆ.

ನಿಮ್ಮ,
ಗುಬ್ಬಿ


ಮಾರ್ಚ್ ೨೭

ಪಂಡಿತರೇ,

ನಿಮ್ಮ ಉತ್ತರ ಬರಲಿಲ್ಲ. ಪುಸ್ತಕಗಳು ಬಂದವು, ಒಂದು ಸಾಲಿನ ಚೀಟಿಯೂ ಇಲ್ಲದೆ.

ಬಿಲ್ಲೆ ಎಂದರೇನೆಂದು ಈಗ ತಿಳಿದಿದೆ. ಅದನ್ನು ಹಾಕುವ, ತೆಗೆಯುವ ಅಧಿಕಾರ ಒಬ್ಬನದೇ ಎಂಬುದೂ ತಿಳಿದಿದೆ. ಬೆಂದುಹೋದ ಎಂಜಿನ್ನಿನ ಮೇಲೆ ಅದನ್ನು ಬಿಟ್ಟು ರೇಸಿಗೆ ಕಳಿಸಿದರೆ ಟರ್ಬೊ ಸಿಡಿಯುತ್ತದೆ, ಸಿಡಿದ ರಭಸಕ್ಕೆ ಎಣ್ಣೆಕೊಳವೆ ಕಿತ್ತುಬರುತ್ತದೆ, ಕೆಂಪಗೆ ಕಾದ ಲೋಹದ ಮೇಲೆ ಎಣ್ಣೆ ಬೀಳುತ್ತದೆ. ಇದಕ್ಕೆ ನಟ್ಟು ಸಡಿಲವಾಗಬೇಕಾಗಿಯೇ ಇಲ್ಲ. ಇದನ್ನು ನಿಮಗೆ ನಾನು ಹೇಳಿಕೊಡಬೇಕೆ?

ಚರಿತ್ರೆಯ ಪುಸ್ತಕಗಳನ್ನು ಸ್ವಲ್ಪ ಓದಿದ್ದೇನೆ. ಮುಳುಗಿದ ಹಡಗು, ಕುಸಿದ ಸೇತುವೆ, ಸುಟ್ಟ ಅರಮನೆ, ಎಲ್ಲದಕ್ಕೂ ಕೊನೆಯಲ್ಲಿ ಒಬ್ಬ ದೀಪ ಹಚ್ಚುವವನೋ, ಕೀಲು ಬಿಗಿಯುವವನೋ ಹೊಣೆಗಾರನಾಗಿ ಸಿಕ್ಕೇ ಸಿಗುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಿಮ್ಮ ಎಮ್ಮೆ ಬಾಯಿ ಸತ್ತದ್ದಾಗಿತ್ತು, ಅನುಕೂಲವಾಯಿತು.

"ನೆಮ್ಮದಿಯಾಗಿದ್ದಾನೆ" ಎಂದು ಬರೆದಿರಲ್ಲ, ಆ ನೆಮ್ಮದಿಯನ್ನು ಕೇಳಿ. ಹೋದ ವಾರ ಅವನ ಮನೆಗೆ ಹೋಗಿದ್ದೆ. ಹೊರಗೆ ಹೊರಟೆವು. ಅವನು ಒಲೆಯ ಗುಬುಟು ತಿರುಗಿಸಿ ನೋಡಿದ. ಬಾಗಿಲು ಹಾಕಿ, ಮತ್ತೆ ತೆಗೆದು, ಹೋಗಿ ನೋಡಿದ. ಬೀದಿ ತಿರುವಿನಿಂದ ವಾಪಸು ಹೋದ. ಅವನ ಹೆಂಡತಿ ನನ್ನ ಜೊತೆ ನಿಂತು, "ನೀವೇನೂ ಅನ್ಬೇಡಿ ಅತ್ತಿಗೇ, ನಮಗೆಲ್ಲ ಅಭ್ಯಾಸ ಆಗಿದೆ. ಸಿನಿಮಾ ಯಾವತ್ತೂ ಮೊದಲಿಂದ ನೋಡಿಲ್ಲ ನಾವು" ಎಂದು ನಗುತ್ತಲೇ ಹೇಳಿದಳು. ನಗು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. ಬಿಗಿದಿದ್ದು ನೆನಪಿಲ್ಲ ಎಂದು ಅವನು ಹೇಳಿದ್ದು ನಿಜ. ಬೆಳಗಿನಿಂದ ಸಂಜೆಯವರೆಗೆ ನಟ್ಟು ಬಿಗಿಯುವವನಿಗೆ ಯಾವ ನಟ್ಟು ನೆನಪಿರುತ್ತದೆ? ನೀವು ಇವತ್ತು ಬೆಳಗ್ಗೆ ಅಂಗಿಯ ಗುಂಡಿ ಹಾಕಿಕೊಂಡದ್ದು ನಿಮಗೆ ನೆನಪಿದೆಯೆ? ಆ ಮಾತನ್ನು ತಪ್ಪೊಪ್ಪಿಗೆ ಎಂದು ಬರೆದುಕೊಂಡಿರಿ. ಅವನು ಅದನ್ನೇ ನಂಬಿಬಿಟ್ಟ. ತನ್ನ ಕೈಯನ್ನೇ ನಂಬದೆ ಬದುಕುತ್ತಿದ್ದಾನೆ.

ಅವನಿಗೆ ಗುಬ್ಬಿಯ ಪತ್ರವನ್ನು ಓದಿಸಿದ್ದೇನೆ. ನಿಮಗೂ ತಿಳಿದಿರಲಿ.

ಅಕ್ಕ


ಏಪ್ರಿಲ್ ೯

ಮಾನ್ಯರೇ,

ತಾವು ನಮ್ಮ ಸಲಹೆಗಾರರಿಗೆ ಬರೆದ ಪತ್ರಗಳ ಸಾರಾಂಶ ನಮ್ಮ ಗಮನಕ್ಕೆ ಬಂದಿದೆ. ತಮ್ಮ ಭಾವನೆಗಳನ್ನು ಗೌರವಿಸಿ, ಸದರಿ ಫಲಕದಲ್ಲಿ "ಜೋಡಣೆಗಾರನೊಬ್ಬನ ಅಜಾಗರೂಕತೆಯಿಂದ" ಎಂಬುದರ ಬದಲು "ತಾಂತ್ರಿಕ ಕಾರಣಗಳಿಂದ" ಎಂದು ಬರೆಸಲು ಸಂಸ್ಥೆ ಒಪ್ಪಿದೆ. ಗುಂಪುಚಿತ್ರದ ಕೆಳಗಿನ ವಿವರಗಳನ್ನೂ ತೆಗೆಯಲಾಗುವುದು. ಇದರೊಂದಿಗೆ ವಿಷಯ ಮುಕ್ತಾಯವಾಯಿತೆಂದು ಭಾವಿಸುತ್ತೇವೆ.

ತಮ್ಮ ವಿಶ್ವಾಸಿ,
ಪ್ರಚಾರಾಧಿಕಾರಿ


ಏಪ್ರಿಲ್ ೨೦

ಅಕ್ಕಾ,

ಪಂಡಿತ ಬಂದಿದ್ದ, ಅಂಗಡಿಗೆ. ಇಷ್ಟು ವರ್ಷಗಳಲ್ಲಿ ಇದೇ ಮೊದಲು.

ದರ್ಜಿಗಳು ಕಾಯುವಾಗ ಕೂರುವ ಸ್ಟೂಲಿನ ಮೇಲೆ ಕುಳಿತ. ತಲೆ ಪೂರ್ತಿ ಬೆಳ್ಳಗಾಗಿದೆ. "ಏನೋ, ಹೊಲಿಗೆ ಮಿಷನ್ ಕೆಟ್ಟಿದ್ಯಾ?" ಅಂದೆ. ನಗಲಿಲ್ಲ. "ನಿಮ್ಮಕ್ಕ ಪತ್ರ ಬರೀತಿದಾರೆ" ಅಂದ. "ಅವಳು ಬರೀದೆ ಇದ್ದದ್ದು ಯಾವಾಗ?" ಅಂದೆ. ಅವನು ನನ್ನ ಸ್ಕ್ರೂಡ್ರೈವರ್‌ಗಳನ್ನು ಒಂದೊಂದೇ ಎತ್ತಿ ಉದ್ದದ ಪ್ರಕಾರ ಜೋಡಿಸಿಟ್ಟ. ಮೊದಲೂ ಹಾಗೇ ಮಾಡುತ್ತಿದ್ದ, ಏನಾದರೂ ಹೇಳಲಿಕ್ಕಿದ್ದಾಗ.

"ಫಲಕ ಬದಲಾಯಿಸಿದ್ವಿ, ನೋಡಿದ್ಯಾ?" ಅಂದ.

"ಬಿಲ್ಲೆ ತೆಗೆದಿದ್ಯಾ?" ಅಂದೆ.

"ಆ ಬೆಳಗ್ಗೆ ಎಷ್ಟು ಗಡಿಬಿಡಿ ಇತ್ತು, ನಿಂಗೂ ಗೊತ್ತು."

"ಗಡಿಬಿಡಿ ಇತ್ತು. ತೆಗೆದಿದ್ಯಾ?"

"ನೀನೂ ನೆನಪಿಲ್ಲ ಅಂದಿದ್ಯಲ್ಲೋ ಆಗ!" ಅಂತ ದನಿ ಏರಿಸಿದ. ಪಕ್ಕದ ಅಂಗಡಿಯವನು ಇಣುಕಿ ನೋಡಿದ. ಆಮೇಲೆ ದನಿ ಇಳಿಸಿ, "ನಿನ್ನ ನೆಮ್ಮದಿಗೋಸ್ಕರ ಬಂದೆ ಕಣೋ. ಇದು ಹೊರಗೆ ಬಂದ್ರೆ ನಿನ್ನ ಹೆಸರೂ ಮತ್ತೆ ಬೀದಿಗೆ ಬರುತ್ತೆ" ಅಂದ. ಬುದ್ಧಿಮಾತೋ ಬೆದರಿಕೆಯೋ, ಅವನು ಹೋದ ಮೇಲೂ ತೂಗಿ ನೋಡಿದೆ, ಯಾವ ಕಡೆಗೂ ವಾಲಲಿಲ್ಲ. ಹೌದು ಅಂತಲೂ ಹೇಳಲಿಲ್ಲ ಅಕ್ಕಾ, ಇಲ್ಲ ಅಂತಲೂ ಹೇಳಲಿಲ್ಲ.

ನಿನ್ನ ಮೇಲೂ ನನಗೆ ಸಿಟ್ಟಿದೆ, ಅದನ್ನು ಹೇಳಿಬಿಡುತ್ತೇನೆ. ನಾನು ಮರೆತೆ ಅಂತ ನಂಬಿಕೊಂಡು ಒಂದು ಬದುಕು ಕಟ್ಟಿಕೊಂಡೆ. ದೊಡ್ಡ ಬದುಕಲ್ಲ, ಆದರೂ ನನ್ನದು. ಗುಬ್ಬಿಯ ಕೈಗೆ ನಾನೇ ಕಾರಣ ಅಂದುಕೊಂಡು ಅವನ ಮುಖ ನೋಡಲೂ ಹೋಗಲಿಲ್ಲ. ಈಗ ನೀನು ಬಂದು, ಬಹುಶಃ ನೀನು ಮರೆತೇ ಇರಲಿಲ್ಲ ಅನ್ನುತ್ತೀಯ. ಹಾಗಾದರೆ ಈ ವರ್ಷಗಳನ್ನೆಲ್ಲ ನಾನು ಎಲ್ಲಿಡಲಿ? ತಪ್ಪು ಮಾಡಿದವನಾಗಿ ಇರುವುದು ರೂಢಿಯಾಗಿತ್ತು. ಮೋಸ ಹೋದವನಾಗಿ ಇರುವುದು ಹೇಗೆಂದು ಗೊತ್ತಿಲ್ಲ.

ಇನ್ನು ಬರೆಯಬೇಡ ಅಂತ ಹೇಳೋಣವೆಂದೇ ಈ ಕಾಗದ ಹಿಡಿದು ಕುಳಿತೆ. ಇವಳು ಬಾಗಿಲಲ್ಲಿ ನಿಂತು ಹೇಳಿದಳು, "ನಿಮ್ಮನ್ನ ಕೇಳಿದ್ದು ಎಲ್ಲರ ಎದುರಿಗೆ ನಿಲ್ಲಿಸಿ. ಅವರು ಮಾತ್ರ ಯಾಕೆ ಕದ್ದು ಬಂದು ಸ್ಟೂಲ್ ಮೇಲೆ ಕೂತ್ಕೋಬೇಕು?"

ಆದ್ದರಿಂದ ಬರೆ. ಪತ್ರಿಕೆಗೇ ಬರೆ. ಆದರೆ ಒಂದು ಮಾತು. ತಮ್ಮ ನಟ್ಟು ಬಿಗಿದಿದ್ದ ಅಂತ ಬರೆಯಬೇಡ. ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿದವರು ಅವರು. ನಾವು ಹೇಳುವುದು ಬೇಡ.

ನಿನ್ನ,
ತಮ್ಮ


ಮೇ ೩

ಪಂಡಿತರೇ,

ಈ ಪತ್ರ ನಿಮಗೆ ತಲುಪುವ ಹೊತ್ತಿಗೆ, ನಾನು ಕೆಲಸ ಮಾಡಿದ ಪತ್ರಿಕೆಯ ಓದುಗರ ಅಂಕಣದಲ್ಲಿಯೂ ಅಚ್ಚಾಗಿರುತ್ತದೆ. ಅಲ್ಲಿಯ ಸಂಪಾದಕರು ಹೊಸಬರು, "ಇಷ್ಟು ಹಳೇ ವಿಷಯ ಯಾರಿಗೆ ಬೇಕಮ್ಮಾ?" ಎಂದರು. ಸುಳ್ಳು ಹಳೆಯದಾದ ಮಾತ್ರಕ್ಕೆ ನಿಜವಾಗುವುದಿಲ್ಲ, ಅದಕ್ಕೆ ಗಾಜಿನ ಪೆಟ್ಟಿಗೆ ಕಟ್ಟಿ ದೀಪ ಹಾಕಿದ್ದಾರೆ, ಹೋಗಿ ನೋಡಿ ಎಂದೆ. ಹೋಗಿ ನೋಡಿ ಬಂದರು. ಅಚ್ಚು ಮಾಡಲು ಒಪ್ಪಿದರು.

ನಿಮ್ಮ ಪ್ರಚಾರಾಧಿಕಾರಿಯ ಹೊಸ ಫಲಕ ನನಗೆ ಬೇಡ. ತಾಂತ್ರಿಕ ಕಾರಣ ಎಂಬ ಹೆಸರಿನ ಮನುಷ್ಯ ನಿಮ್ಮ ಕಾರ್ಯಾಗಾರದಲ್ಲಿ ಕೆಲಸಕ್ಕಿರಲಿಲ್ಲ. ಗುಂಪುಚಿತ್ರದಲ್ಲೂ ಅವನಿಲ್ಲ, ಹುಡುಕಿದೆ.

ನನ್ನ ತಮ್ಮ ನಿರ್ದೋಷಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಬಾರದೆಂದು ಅವನೇ ಕಟ್ಟಪ್ಪಣೆ ಮಾಡಿದ್ದಾನೆ. ಹೇಳುವುದು ಇಷ್ಟೇ: ಆ ನಟ್ಟು ಸಡಿಲವಾಗಿತ್ತೋ ಇಲ್ಲವೋ ಎಂದು ತಿಳಿಯುವ ದಾರಿಯನ್ನು ಯಾರೋ ಆ ವಾರವೇ ಕುಲುಮೆಗೆ ಹಾಕಿದರು. ತಿಳಿಯಲಾಗದ ವಿಷಯವನ್ನು ತಿಳಿದಂತೆ ಬರೆದು ಒಬ್ಬನ ಜೀವಮಾನಕ್ಕೆ ಅಂಟಿಸಿದರು. ಕರಗಿಸಿ ಎಂದವರು ಯಾರು? ಪರಿಶೀಲಿಸಿದೆವು ಎಂದು ಸಹಿ ಹಾಕಿದವರು ಯಾವ ಲೋಹವನ್ನು ಕೈಯಲ್ಲಿ ಹಿಡಿದು ಹಾಕಿದರು? "ಶನಿವಾರದ ಒದೆ" ಎಂದು ಆಸ್ಪತ್ರೆಯ ಮಂಚದ ಮೇಲಿಂದ ಹೇಳಿದವನ ಮಾತು ವರದಿಯಲ್ಲಿ ಒಂದು ಸಾಲಾಗಿಯೂ ಏಕೆ ಬರಲಿಲ್ಲ?

ನೀವು ಮರೆತಿರಬಹುದು. ಮನುಷ್ಯನ ಕೈ ಒಮ್ಮೆ ಮರೆಯುತ್ತದೆ ಎಂದವರು ನೀವೇ. ಮರೆತಿದ್ದರೆ, ಮರೆತೆ ಎಂದು ಹೇಳಿದವನಿಗೆ ಸಿಕ್ಕ ಶಿಕ್ಷೆ ಏನೆಂದು ಹತ್ತಿರದಿಂದ ಕಂಡವರೂ ನೀವೇ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಬೇಕೆಂದೇ ಬಿಟ್ಟಿರಲೂಬಹುದು, ಒಂದು ಗೆಲುವಿನ ಆಸೆಗೆ. ನನ್ನ ಅನುಮಾನ ಎರಡರ ನಡುವೆ ಹೊಯ್ದಾಡುತ್ತಿದೆ. ನಿಮ್ಮನ್ನು ಬಲ್ಲವಳಾಗಿ ಯಾವುದನ್ನು ನಂಬಬೇಕೋ ನನಗೇ ತಿಳಿಯದು. ಅದನ್ನು ತೀರ್ಮಾನಿಸಬೇಕಾದವಳು ನಾನಲ್ಲ. ಖಾಸಗಿ ಪತ್ರದಲ್ಲಿ ನನಗೆ ಬರೆಯಬೇಡಿ, ಬಂದರೆ ಒಡೆಯದೆ ಹಿಂತಿರುಗಿಸುತ್ತೇನೆ. ಅಂಗಡಿಯ ಸ್ಟೂಲಿನ ಮೇಲೂ ಹೇಳಬೇಡಿ.

ಬರುವ ಭಾನುವಾರ ಪ್ರದರ್ಶನಾಲಯದ ಉದ್ಘಾಟನೆ. ಗುಬ್ಬಿ ಬರುತ್ತಾನೆ. ತಮ್ಮನೂ ಬರುತ್ತೇನೆ ಎಂದಿದ್ದಾನೆ. ಮನೆಯಿಂದ ಹೊರಟಮೇಲೆ ಎಷ್ಟು ಸಲ ಹಿಂದಿರುಗುತ್ತಾನೋ, ಆದರೂ ಬರುತ್ತಾನೆ. ನಾವು ಮುಂದಿನ ಸಾಲಿನಲ್ಲಿ ಕೂರುತ್ತೇವೆ. ನೀವು ಭಾಷಣಕ್ಕೆ ಎದ್ದಾಗ, ಆ ಎಂಜಿನ್ನಿನ ಪಕ್ಕದಲ್ಲಿ ನಿಂತು, ಶಾಲೆಮಕ್ಕಳು, ಪತ್ರಿಕೆಯವರು, ನಿಮ್ಮ ಹಾರ ಹಿಡಿದವರು ಎಲ್ಲರೂ ಕೇಳುವಂತೆ ಉತ್ತರ ಹೇಳಿ: ಆ ಭಾನುವಾರ ಬೆಳಗ್ಗೆ ಬಿಲ್ಲೆಯನ್ನು ತೆಗೆದಿರೋ, ಮರೆತಿರೋ, ಬಿಟ್ಟಿರೋ?

ಅಕ್ಕ